ಮೊದಲು ಗಾಯ ಕೇಳುತ್ತಿದ್ದ ವಕೀಲರು

ಹನ್ನೊಂದು ವರ್ಷ ನಾನು ಅವರ ಆಫೀಸಿನಲ್ಲಿ ಜೂನಿಯರ್ ಆಗಿದ್ದೆ. ಅವರು ಯಾರ ಮೇಲೂ ಕೈ ಎತ್ತಿದ್ದನ್ನು ಒಮ್ಮೆಯೂ ನೋಡಲಿಲ್ಲ. ದನಿ ಎತ್ತಿದ್ದನ್ನೂ ನೋಡಲಿಲ್ಲ. ಹೋದ ತಿಂಗಳು ನಂಜನಗೂಡಿನಲ್ಲಿ ಅವರ ಶವದ ಪಕ್ಕ ಮೈಕು ಹಿಡಿದವರೆಲ್ಲ ‘ಅಜಾತಶತ್ರು’ ಎಂದರು. ನಾನು ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಅವರ ಒಂದು ಮಾತಿಗೆ ಏಟು ತಿಂದವರನ್ನೆಲ್ಲ ನೆನೆಸಿಕೊಳ್ಳುತ್ತಿದ್ದೆ. ಅಂಥವರಲ್ಲಿ ಮೂರು ಜನ ಹಾರ ಹಿಡಿದುಕೊಂಡು ನನ್ನ ಮುಂದೆಯೇ ಸಾಲಿನಲ್ಲಿ ನಿಂತಿದ್ದರು.

ಹೆಸರು ಬರೆಯುವುದಿಲ್ಲ. ಈ ಎರಡು ತಾಲ್ಲೂಕಿನವರಿಗೆ ಹೆಸರು ಬೇಕಾಗುವುದೂ ಇಲ್ಲ. ನಾವು ‘ಸೀನಿಯರ್ರು’ ಎನ್ನುತ್ತಿದ್ದೆವು, ಹಳ್ಳಿಯವರು ‘ಲಾಯ್ರಪ್ಪ’ ಎನ್ನುತ್ತಿದ್ದರು. ಹುಟ್ಟಿದ್ದು ಟಿ. ನರಸೀಪುರದ ಹೆಮ್ಮಿಗೆ ಕಡೆ, ಓದಿದ್ದು ಮಠದ ಹಾಸ್ಟೆಲಿನಲ್ಲಿ ಇದ್ದುಕೊಂಡು, ಬೋರ್ಡು ಹಾಕಿದ್ದು ನಂಜನಗೂಡಿನಲ್ಲಿ. ಕುಳ್ಳು, ಸಣಕಲು. ಕರಿಕೋಟು ಹಾಕಿಕೊಂಡರೆ ಯಾರದೋ ಕೋಟನ್ನು ಒಣಗಲು ಹಾಕಿದ ಹಾಗಿರುತ್ತಿತ್ತು. ಮಾತು ಎಷ್ಟು ಮೆತ್ತಗೆ ಎಂದರೆ ಜಡ್ಜು ಮುಂದಕ್ಕೆ ಬಾಗಿ ಕೇಳಿಸಿಕೊಳ್ಳಬೇಕಿತ್ತು. ಮುಂದಕ್ಕೆ ಬಾಗಿದ ಜಡ್ಜು ಅರ್ಧ ನಮ್ಮ ಕಡೆ ಬಂದ ಹಾಗೆ ಎಂದು ಅವರೇ ನನಗೆ ಹೇಳಿಕೊಟ್ಟಿದ್ದರು.

ಹೊಡೆದಾಟದ ಕೇಸುಗಳಿಗೆ ಅವರದೇ ಹೆಸರು. ಕಕ್ಷಿದಾರ ಹೊಸಿಲು ದಾಟುತ್ತಿದ್ದಂತೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಗಾಯ ಎಲ್ಲಿ?” ಊರು, ಹೆಸರು, ಜಗಳದ ಕಾರಣ ಎಲ್ಲ ಆಮೇಲೆ. ಬಂದವನು ಅಂಗಿ ಎತ್ತಿ ತೋರಿಸಬೇಕು. ಬಟ್ಟೆ ಅಂಗಡಿಯವರು ಸೀರೆಯ ಅಂಚು ನೋಡುವ ಹಾಗೆ ಗಾಯದ ಅಂಚನ್ನು ಹೆಬ್ಬೆರಳಲ್ಲಿ ಸವರಿ ನೋಡುತ್ತಿದ್ದರು. ಉದ್ದ, ಆಳ, ಯಾವ ಆಯುಧ, ಎಷ್ಟು ಹೊಲಿಗೆ ಬೀಳುತ್ತದೆ, ಯಾವ ಸೆಕ್ಷನ್ನು, ಎಲ್ಲ ನಿಂತಲ್ಲೇ ಹೇಳಿಬಿಡುತ್ತಿದ್ದರು. ಆಸ್ಪತ್ರೆಯ ಸರ್ಟಿಫಿಕೇಟು ಬಂದ ಮೇಲೆ ನೋಡಿದರೆ ಕಾಲಿಂಚು ಕೂಡ ವ್ಯತ್ಯಾಸ ಇರುತ್ತಿರಲಿಲ್ಲ.

ಗಾಯ ಇಲ್ಲದವನು ಬಂದರೆ ಅವರಿಗೆ ನಿಜವಾಗಿ ಬೇಜಾರಾಗುತ್ತಿತ್ತು. ಏಕೆಂದರೆ ಅವರ ಕಸುಬು ನಿಂತಿದ್ದೇ ಕೌಂಟರ್ ಕೇಸಿನ ಮೇಲೆ. ನೀವು ಒಬ್ಬನಿಗೆ ಹೊಡೆದಿರಿ, ಅವನು ನಿಮ್ಮ ಮೇಲೆ ದೂರು ಕೊಟ್ಟ. ಅದೇ ದಿನ ನೀವೂ ಅವನ ಮೇಲೆ ಒಂದು ದೂರು ಕೊಡಬೇಕು. ದೂರಿಗೆ ಗಾಯ ಬೇಕು. ಗಾಯ ಇಲ್ಲದಿದ್ದರೆ ಮಾಡಿಕೊಳ್ಳಬೇಕು. ಅವರ ಗುಮಾಸ್ತ ಶಿವಣ್ಣ ಬ್ಲೇಡು ತಗೊಂಡು ಹಿಂದಿನ ಕೋಣೆಗೆ ಹೋಗುತ್ತಿದ್ದ. ಹಣೆಯ ಮೇಲೆ ಒಂದು ಗೆರೆ, ಮುಖದ ತುಂಬ ರಕ್ತ, ಎಂಟು ದಿನಕ್ಕೆ ವಾಸಿ. ಮೊದಲ ಸಲ ನೋಡಿದಾಗ ಎದ್ದು ಹಿತ್ತಲಿಗೆ ಹೋದವಳು, ಗಾಯಕ್ಕೆ ಬಟ್ಟೆ ಕಟ್ಟುವ ತನಕ ಒಳಗೆ ಬರಲಿಲ್ಲ. ಕಳಲೆಯಲ್ಲಿ ಮೇಷ್ಟರ ಮಗಳಾಗಿ ಬೆಳೆದವಳು, ಕಾನೂನೆಂದರೆ ಪುಸ್ತಕದಲ್ಲಿರುತ್ತದೆ ಎಂದುಕೊಂಡಿದ್ದೆ. ಎರಡನೇ ವರ್ಷಕ್ಕೆ ನಾನೇ ಹತ್ತಿಯನ್ನೂ ಡೆಟಾಲನ್ನೂ ತಂದಿಡುತ್ತಿದ್ದೆ.

ಇದು ಬರೀ ಮೋಸ ಎಂದು ಹೇಳಿ ಮುಗಿಸಬಹುದಿತ್ತು. ಅಷ್ಟು ಸುಲಭವಲ್ಲ. ನಾಲೆ ನೀರಿನ ಸರದಿಗಾಗಿ ಇಬ್ಬರು ದಾಯಾದಿಗಳು ಕಿತ್ತಾಡಿ, ಒಬ್ಬ ಇನ್ನೊಬ್ಬನ ಕಿವಿಯನ್ನು ಕಚ್ಚಿ ಉಗುಳಿದ್ದ. ಕಚ್ಚಿದವನು ನಮ್ಮ ಕಕ್ಷಿದಾರ. ಅವನ ಹಣೆಗೆ ಗೆರೆ ಬಿತ್ತು, ಕೌಂಟರ್ ಕೇಸು ಬಿತ್ತು. ಎರಡೂ ಕಡೆಯವರು ತಿಂಗಳಿಗೊಮ್ಮೆ ಒಂದೇ ಕೋರ್ಟಿಗೆ ಅಲೆದು, ಒಂದೇ ಬೆಂಚಿನಲ್ಲಿ ತೂಕಡಿಸಿ, ವರ್ಷ ಕಳೆಯುವುದರೊಳಗೆ ರಾಜಿಯಾದರು. ಅವತ್ತು ಇಬ್ಬರೂ ಎದುರಿನ ಹೋಟೆಲಿನಲ್ಲಿ ಮಸಾಲೆದೋಸೆ ತಿಂದರು. ಸೀನಿಯರ್ರು ನನ್ನ ಕಡೆ ತಿರುಗಿ, “ಒಂದ್ ಕಡೆ ಮಾತ್ರ ಕೇಸಿದ್ರೆ ಒಬ್ಬ ಜೈಲಿಗೋಗ್ತಾನೆ, ಅವನ ತಮ್ಮ ಮಚ್ಚು ತಗೊತಾನೆ. ಎರಡೂ ಕಡೆ ಇದ್ರೆ ಇಬ್ರೂ ದೋಸೆ ತಿಂತಾರೆ. ನಾನ್ ಗೆರೆ ಹಾಕ್ಸಿ ಎಷ್ಟು ಕೊಲೆ ತಪ್ಸಿದ್ದೀನಿ ಅಂತ ಯಾರ್ ಲೆಕ್ಕ ಇಟ್ಟವ್ರೆ ಹೇಳವ್ವ?” ಎಂದರು. ಅವರ ಮಾತನ್ನು ನಾನು ನಂಬಿದೆ. ಈಗಲೂ ಅರ್ಧ ನಂಬುತ್ತೇನೆ. ಆ ಕಿವಿ ಮಾತ್ರ ವಾಪಸ್ಸು ಬರಲಿಲ್ಲ.

ಅವರನ್ನು ಕಂಡರೆ ನನಗೆ ತುಂಬ ಇಷ್ಟ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಹೆಣ್ಣುಮಗಳು ಎಂದು ಬೇರೆ ಆಫೀಸುಗಳಲ್ಲಿ ನನಗೆ ಜೀವನಾಂಶದ ಅರ್ಜಿ ಬರೆಸುತ್ತಿದ್ದರು. ಇವರು ಮೊದಲ ವರ್ಷವೇ ಕೊಲೆ ಕೇಸಿನ ಜಾಮೀನು ಅರ್ಜಿಗೆ ನನ್ನನ್ನು ನಿಲ್ಲಿಸಿದರು. ಎದುರಿನ ವಕೀಲರು ‘ಅಡುಗೆ ಮನೆಗೆ ದಾರಿ ಆ ಕಡೆ’ ಎಂದಾಗ ಸೀನಿಯರ್ರು ಎದ್ದು, ತಮ್ಮ ಕುರ್ಚಿಯನ್ನು ನನ್ನ ಹಿಂದೆ ತಂದಿಟ್ಟು, ತಾವು ಕಲಾಪ ಮುಗಿಯುವ ತನಕ ನಿಂತೇ ಇದ್ದರು. ಆಮೇಲೆ ಆ ಕೋರ್ಟಿನಲ್ಲಿ ಯಾರೂ ನನಗೆ ಅಡುಗೆ ಮನೆಯ ದಾರಿ ಹೇಳಲಿಲ್ಲ.

ರಾಜಕೀಯಕ್ಕೆ ಅವರು ಹೋದದ್ದಲ್ಲ, ಅದೇ ನಡೆದುಕೊಂಡು ಆಫೀಸಿಗೆ ಬಂತು. ಪ್ರತಿ ಹಳ್ಳಿಯಲ್ಲೂ ಅವರು ರಾಜಿ ಮಾಡಿಸಿದ ಎರಡೆರಡು ಗುಂಪುಗಳಿದ್ದವು. ಎರಡೂ ಗುಂಪು ಕೈ ಮುಗಿಯುತ್ತಿದ್ದವು. ನಂಜನಗೂಡು, ನರಸೀಪುರ ಎರಡೂ ವಿಧಾನಸಭೆ ಸೀಟು ಪರಿಶಿಷ್ಟ ಜಾತಿಗೆ ಮೀಸಲು, ಹಾಗಾಗಿ ಅವರು ಶಾಸಕರಾಗುವಂತಿರಲಿಲ್ಲ. ಜಿಲ್ಲಾ ಪಂಚಾಯ್ತಿಯೇ ಅವರ ಪಾಲಿಗೆ ವಿಧಾನಸೌಧ. ಮೊದಲ ಭಾಷಣದಲ್ಲಿ ಬಾಯಿತಪ್ಪಿ ಮತದಾರರನ್ನು ‘ಮಹಾಸ್ವಾಮಿ’ ಎಂದು ಕೋರ್ಟಿನ ಹಾಗೆ ಕರೆದರು. ಜನ ನಕ್ಕು ಚಪ್ಪಾಳೆ ತಟ್ಟಿದರು. ಆಮೇಲೆ ಬೇಕೆಂದೇ ಹಾಗೆ ಕರೆಯತೊಡಗಿದರು. ತಗಡೂರಿನ ಕಡೆ ಸಭೆ ಇದ್ದರೆ ಖಾದಿ ಉಟ್ಟು ಹೋಗಿ, ಸ್ವಾತಂತ್ರ್ಯ ಹೋರಾಟದ ನೆಲ ಎಂದು ಮಣ್ಣು ಮುಟ್ಟಿ, ಅಹಿಂಸೆಯ ಬಗ್ಗೆ ಅರ್ಧ ಗಂಟೆ ಮಾತಾಡುತ್ತಿದ್ದರು. ಹಾಗೆ ಮಾತಾಡುವಾಗ ಅವರು ನಟಿಸುತ್ತಿರಲಿಲ್ಲ ಎಂಬುದೇ ನನಗೆ ಇವತ್ತಿಗೂ ಬಗೆಹರಿಯದ ವಿಷಯ.

ಗೆದ್ದ ಮೇಲೆ ಆಫೀಸಿನ ಅಂಗಳದಲ್ಲಿ ಹುಡುಗರ ಪಡೆ ಬೆಳೆಯಿತು. ಒಂದು ಮಧ್ಯಾಹ್ನ ಎದುರು ಪಾರ್ಟಿಗೆ ಹಾರಿದ್ದ ಒಬ್ಬನನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ನಾನು ಕಿಟಕಿಯ ಪಕ್ಕ ಟೈಪು ಮಾಡುತ್ತಿದ್ದೆ. ಸೀನಿಯರ್ರು ಜಗಲಿಯಲ್ಲಿ ಕೂತು ಹುರಿದ ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದರು. ಅಂಗಳದಲ್ಲಿ ಅವನನ್ನು ಬೆಲ್ಟಿನಲ್ಲಿ, ಪೈಪಿನಲ್ಲಿ ಬಡಿಯುತ್ತಿದ್ದರು. ಅವನು ತೆವಳಿಕೊಂಡು ಬಂದು ಇವರ ಕಾಲು ಹಿಡಿದ. ಇವರು ಕಾಲು ಎಳೆದುಕೊಳ್ಳಲಿಲ್ಲ, ಮುಂದಕ್ಕೂ ಚಾಚಲಿಲ್ಲ.

“ಮೂಳೆಗೆ ಬೇಡ ಕಣ್ರೋ. ಮೂಳೆ ಮುರಿದ್ರೆ ಸೆಕ್ಷನ್ ಬದಲಾಗುತ್ತೆ. ಮಾಂಸಕ್ಕೆ ಮಾತ್ರ” ಎಂದರು.

ಆಮೇಲೆ ಅವನಿಗೆ ನೀರು ಕುಡಿಸಿ, ತಮ್ಮ ಕಾರಿನಲ್ಲೇ ಮನೆಗೆ ಕಳಿಸಿದರು. ಮುಂದಿನ ವಾರ ಅವನು ನಮ್ಮ ಬಾವುಟ ಹಿಡಿದಿದ್ದ. ಕಾನೂನು ಓದಿದ್ದಕ್ಕೆ ಅವರಿಗೆ ಸಿಕ್ಕಿದ್ದು ಒಂದು ಅಳತೆ ಪಟ್ಟಿ, ಯಾರಿಗೆ ಎಲ್ಲಿಯವರೆಗೆ ಹೊಡೆಯಬಹುದು ಎಂದು. ಅವತ್ತೇ ನಾನು ಆಫೀಸು ಬಿಡಬೇಕಿತ್ತು. ಬಿಡಲಿಲ್ಲ. ಟೈಪು ಮಾಡುತ್ತಿದ್ದ ಅರ್ಜಿಯನ್ನು ಮುಗಿಸಿದೆ.

ಇನ್ನು ಮಾದೇಶನ ವಿಷಯ. ಮಾದೇಶ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಚುನಾವಣೆ ಬಂದರೆ ಸೀನಿಯರ್ರ ಜೀಪು ಓಡಿಸುತ್ತಿದ್ದ. ನನ್ನನ್ನು ‘ಅಕ್ಕ’ ಎನ್ನುತ್ತಿದ್ದ. ಕೋರ್ಟು ಲೇಟಾದ ದಿನ ಬಸ್ ಸ್ಟ್ಯಾಂಡಿಗೆ ಬಿಟ್ಟು, ಬಸ್ಸು ಹೊರಡುವ ತನಕ ನಿಂತಿದ್ದು ಹೋಗುತ್ತಿದ್ದ.

ಎರಡನೇ ಚುನಾವಣೆಯ ಮತದಾನಕ್ಕೆ ನಾಲ್ಕು ದಿನ ಇತ್ತು. ನರಸೀಪುರದ ರಸ್ತೆಯ ಒಂದು ಹಳ್ಳಿಯಲ್ಲಿ ಬ್ಯಾನರ್ ಕಟ್ಟುವ ಜಾಗಕ್ಕೆ ಜಗಳ ಹತ್ತಿತು. ಎದುರು ಪಾರ್ಟಿಗೆ ಆ ಊರಿನಲ್ಲಿ ರಾಚಪ್ಪ ಎಂಬ ರೈತ ಮುಖಂಡ. ನಮ್ಮ ಹುಡುಗರು ರಾಚಪ್ಪನನ್ನು ಕೆಡವಿ, ಬಲಗೈಯನ್ನು ಒಗೆಯುವ ಕಲ್ಲಿನ ಮೇಲಿಟ್ಟು, ಪಿಕಾಸಿಯ ಹಿಡಿಯಿಂದ ಜಜ್ಜಿದರು. ಒಂದು ಏಟಲ್ಲ, ಬೆರಳುಗಳು ಚಪ್ಪಟೆಯಾಗುವ ತನಕ. ಆಮೇಲೆ ಊರಾಚೆ ಒಂದು ಪಂಪ್‌ಹೌಸಿನಲ್ಲಿ ಅವಿತುಕೊಂಡು ಆಫೀಸಿಗೆ ಫೋನು ಮಾಡಿದರು. ಫೋನು ಸ್ಪೀಕರಿನಲ್ಲಿತ್ತು.

“ಮೂಳೆ ಮುರಿದಿದ್ದೀರಿ,” ಎಂದರು ಸೀನಿಯರ್ರು. ಅಷ್ಟು ಮೆತ್ತಗಿನ ದನಿಯಲ್ಲಿ ಅಷ್ಟು ಸಿಟ್ಟನ್ನು ನಾನು ಕೇಳಿರಲಿಲ್ಲ. “ಅವನ ಕಡೆ ಗಾಯ ಇದೆ. ನಮ್ಮ ಕಡೆ ಗಾಯ ಎಲ್ಲಿ?”

ಅತ್ತ ಕಡೆ ಗುಸುಗುಸು. ಆಮೇಲೆ ಮಾದೇಶನ ದನಿ. “ನಾನ್ ಮಾಡುಸ್ಕತೀನಿ ಬುಡಿ ಸಾ. ಶಿವಣ್ಣುನ್ ಕಳ್ಸಿ.”

ದೂರು ಬರೆಯುವುದು ನನ್ನ ಕೆಲಸ. ನಮ್ಮ ಆಫೀಸಿನ ಕ್ರಮ ಹೇಗೆಂದರೆ ಮೊದಲು ದೂರು, ಆಮೇಲೆ ಗಾಯ. ದೂರಿನಲ್ಲಿ ಇದ್ದಂತೆ ಮೈಮೇಲೆ ಇರಬೇಕು, ಆಗ ಎಲ್ಲೂ ಅಡ್ಡ ಪ್ರಶ್ನೆ ಏಳುವುದಿಲ್ಲ. ಕೈ ಮುರಿಸಿಕೊಂಡ ರಾಚಪ್ಪನೇ ಒಂದನೇ ಆರೋಪಿ. ಅವನೇ ಮೊದಲು ಮಚ್ಚು ಬೀಸಿದ, ಬಿಡಿಸಿಕೊಳ್ಳುವಾಗ ಅವನ ಕೈಗೆ ಏಟಾಯಿತು ಎಂದು ಬರೆದೆ. ಗಾಯದ ಜಾಗ ಬಂದಾಗ ಪೆನ್ನು ನಿಂತಿತು. ಹಿಂದಿನ ವಾರ ಆಸ್ಪತ್ರೆಯಲ್ಲಿ ಡಾಕ್ಟರೊಬ್ಬರು ನಕ್ಕು, “ಏನ್ ಮೇಡಂ, ನಿಮ್ಮ ಕಡೆಯವರಿಗೆಲ್ಲ ಹಣೆಗೇ ಹುಡುಕಿ ಹೊಡೀತಾರಲ್ಲ!” ಎಂದಿದ್ದರು. ನನಗೆ ಅವಮಾನವಾಗಿತ್ತು. ನನ್ನ ಬರವಣಿಗೆಯಲ್ಲಿ ಸತ್ವ ಇಲ್ಲ ಎಂದ ಹಾಗೆ. ಅದಕ್ಕೆ ಈ ಸಲ ಹಣೆ ಬೇಡ ಎಂದುಕೊಂಡು ‘ಎಡ ತೊಡೆಯ ಒಳಭಾಗಕ್ಕೆ’ ಎಂದು ಬರೆದೆ. ಸೀನಿಯರ್ರು ಎರಡು ಫೋನುಗಳ ಮಧ್ಯೆ ಕಣ್ಣಾಡಿಸಿ ‘ಸರಿ’ ಎಂದರು. ಶಿವಣ್ಣ ಹಾಳೆ ಮಡಿಚಿ ಜೇಬಿಗಿಟ್ಟುಕೊಂಡು ಹೊರಟ. ಬರೀ ವಕೀಲರಾಗಿದ್ದಾಗ ಸೀನಿಯರ್ರೇ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಗೆರೆ ಎಳೆಯುವುದನ್ನು ನೋಡಿಕೊಳ್ಳುತ್ತಿದ್ದರು. ಈಗ ಅವರಿಗೆ ನಾಲ್ಕು ಸಭೆ ಇದ್ದವು.

ಶಿವಣ್ಣ ವಾಪಸ್ಸು ಬಂದಾಗ ಊಟದ ಹೊತ್ತು ಮೀರಿತ್ತು. ಪ್ಯಾಂಟು ಮೊಣಕಾಲಿನ ತನಕ ಕೆಂಪಗೆ ಅಂಟಿಕೊಂಡಿತ್ತು. ಬಾಗಿಲ ಬಳಿಯೇ ಕುಸಿದು ಕೂತ.

“ಬರ್ದಂಗೇ ಎಳ್ದೆ ಸಾ. ಒಂದ್ಸಲ ಎಳ್ದೆ ಅಷ್ಟೇಯ. ನಲ್ಲಿ ಬುಟ್ಟಂಗ್ ಬಂತು. ಪಂಚೆ ಕಟ್ದೊ, ಟವಲ್ ಕಟ್ದೊ, ನಿಲ್ನೇ ಇಲ್ಲ. ಜೀಪ್ನಾಗೆ ‘ಅಣ್ಣ, ಚಳಿ’ ಅಂದ. ಹೊಳೆ ಸೇತ್ವೆ ಮೇಲೆ ಪ್ರಾಣ ಓಯ್ತು.”

ಸೀನಿಯರ್ರು ಕಣ್ಣು ಮುಚ್ಚಿಕೊಂಡು ಕೂತರು. ಕಣ್ಣು ಬಿಟ್ಟಾಗ ಅವರು ಮತ್ತೆ ವಕೀಲರಾಗಿದ್ದರು. ದೂರು ಕೊಡಬೇಕಾದವನೇ ಸತ್ತಿದ್ದಾನೆ, ಆದ್ದರಿಂದ ಅವನ ಅಣ್ಣನ ಹೆಸರಿನಲ್ಲಿ ಹೊಸ ದೂರು ಬೇಕು, ಕೊಲೆಯ ಸೆಕ್ಷನ್ನು ಹಾಕಬೇಕು, ಉಳಿದದ್ದು ಹಾಗೇ ಇರಲಿ ಎಂದರು.

“ನಾನು ಬರೆಯೋದಿಲ್ಲ ಸರ್” ಎಂದೆ.

“ಬರೀದಿದ್ರೆ ಈಗ ಶಿವಣ್ಣ ಒಳಗೋಗ್ತಾನೆ. ನಾಳೆ ಶಿವಣ್ಣನ ಜೇಬಲ್ಲಿರೋ ಹಾಳೆ ಯಾರ ಅಕ್ಷರ ಅಂತ ಕೇಳ್ತಾರೆ. ಬರಿಯವ್ವ.”

ಬರೆದೆ. ತೊಡೆಯ ಒಳಗೆ ದೊಡ್ಡ ರಕ್ತನಾಳ ಇರುತ್ತದೆ ಎಂದು ಯೋಚಿಸದೆ ಬರೆದ ಮೊದಲ ಹಾಳೆ ನನ್ನ ತಪ್ಪು. ಎರಡನೇ ಹಾಳೆ ನನ್ನ ಅಪರಾಧ. ಎರಡನೆಯದನ್ನು ಬರೆಯುವಾಗ ಮಾದೇಶ ಸತ್ತದ್ದೂ ಗೊತ್ತಿತ್ತು, ರಾಚಪ್ಪ ಕೊಂದಿಲ್ಲ ಎಂಬುದೂ ಗೊತ್ತಿತ್ತು.

ಮಾದೇಶನ ಹೆಣವನ್ನು ಟ್ರ್ಯಾಕ್ಟರಿನ ಮೇಲಿಟ್ಟು ಮೆರವಣಿಗೆ ಮಾಡಿದರು. ರಾಚಪ್ಪನ ಹುಲ್ಲಿನ ಮೆದೆಗೆ ಬೆಂಕಿ ಬಿತ್ತು, ಅವನ ತಮ್ಮನ ತಲೆ ಒಡೆಯಿತು. ಸೀನಿಯರ್ರು ದೊಡ್ಡ ಅಂತರದಲ್ಲಿ ಗೆದ್ದರು. ಗೆದ್ದವರು ಮೊದಲು ಮಾಡಿದ ಕೆಲಸ ಮಾದೇಶನ ಹೆಂಡತಿಗೆ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಕೊಡಿಸಿದ್ದು. ಆಕೆ ಸಾಯುವ ತನಕ ಅವರನ್ನು ದೇವರು ಎನ್ನುತ್ತಾಳೆ. ಮಾದೇಶನ ಜೊತೆ ಪಂಪ್‌ಹೌಸಿನಲ್ಲಿದ್ದ ನಾಲ್ವರೂ ಸಾಕ್ಷಿಗಳಾಗಿ, ಹೇಳಿಕೊಟ್ಟದ್ದನ್ನು ಒಪ್ಪಿಸಿದರು. ರಾಚಪ್ಪನ ಜೊತೆ ಸೇರಿಸಿದ್ದ ಉಳಿದ ಆರೋಪಿಗಳು ಬಿಡುಗಡೆಯಾದರು. ರಾಚಪ್ಪನಿಗೆ ಜೀವಾವಧಿ. ಮುರಿದ ಕೈಯೇ ಅವನು ಹೊಡೆದಾಟದಲ್ಲಿದ್ದ ಎಂಬುದಕ್ಕೆ ಪುರಾವೆಯಾಯಿತು. ಶಿವಣ್ಣ ಆಮೇಲೆ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ, ಎರಡು ವರ್ಷಕ್ಕೆ ತೀರಿಕೊಂಡ. ನಾನು ನರಸೀಪುರಕ್ಕೆ ಹೋಗಿ ಬೇರೆ ಆಫೀಸು ಮಾಡಿದೆ. ಹೊಡೆದಾಟದ ಕೇಸು ಮುಟ್ಟುವುದಿಲ್ಲ. ಅದನ್ನೇ ದೊಡ್ಡ ಪ್ರಾಯಶ್ಚಿತ್ತ ಎಂದುಕೊಂಡು ಬದುಕಿದೆ. ರಾಚಪ್ಪ ಮಾತ್ರ ಒಳಗೇ ಇದ್ದ, ಅವನ ಅಪೀಲು ಹೈಕೋರ್ಟಿನಲ್ಲಿ ಹಾಗೇ ಬಿದ್ದಿತ್ತು.

ಸೀನಿಯರ್ರಿಗೆ ಕ್ಯಾನ್ಸರ್ ಎಂದು ಕೇಳಿದ ಮೇಲೆ ನಡೆದದ್ದನ್ನೆಲ್ಲ ಅವರ ಹೆಸರಿನಲ್ಲಿ ಒಂದು ಪ್ರಮಾಣಪತ್ರವಾಗಿ ಬರೆದುಕೊಂಡು ನಂಜನಗೂಡಿಗೆ ಹೋದೆ. ಅಪೀಲು ಮುಗಿಯುವ ಮುಂಚೆ ಅವರು ಸಹಿ ಹಾಕಿದರೆ ಒಬ್ಬ ಮನುಷ್ಯ ಹೊರಗೆ ಬರುತ್ತಾನೆ. ಹಾಸಿಗೆಯಲ್ಲಿ ಮೂಳೆ ಚಕ್ಕಳವಾಗಿ ಮಲಗಿದ್ದವರು ಕನ್ನಡಕ ಕೇಳಿ ತಗೊಂಡರು. ನಾಲ್ಕು ಹಾಳೆಯನ್ನೂ ಓದಿ, ಪೆನ್ನು ಕೇಳಿ, ಹಳೆಯ ಅಭ್ಯಾಸದಂತೆ ತಿದ್ದತೊಡಗಿದರು. “ಇಲ್ಲಿ ‘ನನ್ನ ಸೂಚನೆಯಂತೆ’ ಅಂತ ಸೇರ್ಸು. ಇಲ್ದಿದ್ರೆ ಹೈಕೋರ್ಟಲ್ಲಿ ಹಿಂಜ್ತಾರೆ.” ತಮ್ಮ ಕುತ್ತಿಗೆಗೇ ಬೀಳುವ ಹಗ್ಗದ ಗಂಟನ್ನು ಬಿಗಿ ಮಾಡುತ್ತಿದ್ದರು. ಮೂರನೇ ಹಾಳೆಯಲ್ಲಿ ಒಂದು ಸಾಲಿನ ಮೇಲೆ ಗೆರೆ ಎಳೆದರು. ತೊಡೆ ಎಂದು ಬರೆದದ್ದು ನಾನು, ಅವರು ಹೇಳಿರಲಿಲ್ಲ ಎಂಬ ಸಾಲು ಅದು.

“ಇದು ಬೇಡ. ನಾನೇ ಹೇಳ್ದೆ ಅಂತಿರ್ಲಿ. ನಾನ್ ಹೆಂಗೂ ಹೋಗೋನು.”

“ಅದು ನಿಜ ಅಲ್ಲ ಸರ್.”

“ನಿಜ ಕಟ್ಕೊಂಡ್ ನಿನ್ ವಕೀಲಿ ಸನ್ನದು ಹೋದ್ರೆ ಯಾರಿಗ್ ಲಾಭ? ತಿದ್ಕೊಂಡ್ ಬಾ. ಸೈನ್ ಹಾಕ್ತೀನಿ.”

ಅಲ್ಲೇ ಹಟ ಹಿಡಿದು ಇದ್ದಂತೆಯೇ ಸಹಿ ಹಾಕಿಸಬಹುದಿತ್ತು. ಇಲ್ಲವೇ ಅವರು ಹೇಳಿದಂತೆ ತಿದ್ದಿಸಿ ಮರುದಿನವೇ ತರಬಹುದಿತ್ತು. ಎರಡನ್ನೂ ಮಾಡಲಿಲ್ಲ. ಹಾಳೆಗಳನ್ನು ಮನೆಗೆ ತಂದು ಐದು ದಿನ ಇಟ್ಟುಕೊಂಡೆ. ಅವರು ಎಳೆದ ಗೆರೆಯನ್ನು ನೋಡುತ್ತ, ಅದು ಹಾಗೇ ಇದ್ದರೆ ನಾನು ಬಚಾವು ಎಂದು ಖುಷಿಪಡುತ್ತ, ಆ ಖುಷಿಗೆ ನಾಚುತ್ತ ಕೂತಿದ್ದೆ. ಆರನೇ ದಿನ ಬೆಳಿಗ್ಗೆ ಅವರು ಹೋದರು. ಸಹಿ ಇಲ್ಲದ ಹಾಳೆ ಯಾವ ಕೋರ್ಟಿಗೂ ಬೇಡ.

ಉಳಿದದ್ದು ನನ್ನ ಸಹಿ. ಶವಸಂಸ್ಕಾರ ಆದ ವಾರ ನನ್ನದೇ ಹೆಸರಿನಲ್ಲಿ ಪ್ರಮಾಣಪತ್ರ ಮಾಡಿ, ಯಾವ ಸಾಲನ್ನೂ ಹೊಡೆದುಹಾಕದೆ, ರಾಚಪ್ಪನ ಅಪೀಲಿನ ವಕೀಲರಿಗೆ ಕೊಟ್ಟೆ. ಅವರು ಓದಿ ಮುಗಿಸಿ ನನಗೆ ಕೂತುಕೊಳ್ಳಿ ಎಂದು ಕೂಡ ಹೇಳಲಿಲ್ಲ. ಸನ್ನದು ಹೋಗುತ್ತದೆ, ಕೇಸೂ ಬೀಳುತ್ತದೆ. ಬೀಳಲಿ.

ರಾಚಪ್ಪನಿಗೆ ನಾನೇ ಹೇಳಬೇಕು ಎನ್ನಿಸಿ ಮೈಸೂರಿನ ಜೈಲಿಗೆ ಹೋದೆ. ಜಾಲರಿಯ ಆಚೆ ಬಂದು ಕೂತ. ಬಲಗೈಯ ಬೆರಳುಗಳು ಒಂದರ ಮೇಲೊಂದು ಹತ್ತಿ ಮುದುರಿಕೊಂಡಿದ್ದವು. ನಾನು ಯಾರು, ಅವತ್ತು ಏನು ಬರೆದೆ, ಮಾದೇಶ ಹೇಗೆ ಸತ್ತ, ಎಲ್ಲ ಹೇಳಿದೆ.

“ಬರಿಯೋವಾಗ ನನ್ ಕೈ ಮುರ್ದಿದ್ದು ಗೊತ್ತಿತ್ತಾ?”

“ಗೊತ್ತಿತ್ತು.”

ಎಡಗೈಯನ್ನು ಜಾಲರಿಗೆ ಬಲವಾಗಿ ಬಡಿದ. ಕಬ್ಬಿಣ ಝಲ್ಲೆಂದಿತು, ಗೆಣ್ಣು ಒಡೆದು ರಕ್ತ ಬಂತು. ಪೇದೆ ಓಡಿಬಂದು ತೋಳು ಹಿಡಿದುಕೊಂಡ. ರಾಚಪ್ಪ ಎದ್ದು ನಿಂತ. ಒಳಗೆ ಹೊರಟವನು ಬಾಗಿಲಲ್ಲಿ ನಿಂತು ತಿರುಗಿದ.

“ಜಡ್ಜಿಗೇಳವ್ವ, ಪೇಪರ್ನೋರ್ಗೇಳು, ಯಾರ್ಗಾರಾ ಏಳ್ಕೊ. ನಾನು ಆಚಿಕ್ ಬರಗಂಟ ನನ್ನ್ ಎಂಡ್ರಿಗ್ ಮಾತ್ರ ನೀನಾಗೇ ಓಗಿ ಏಳ್ಬೇಡ. ಅವ್ಳು ಅಲ್ಲೇ ಕುಡ್ಲಲ್ಲಿ ನಿನ್ ಕತ್ತರಿಸ್ಬುಡ್ತಳೆ. ಆಮೇಲ್ ಅವ್ಳೂ ಒಳೀಕ್ ಬಂದ್ರೆ, ಮನೇಲಿ ಮಕ್ಳಿಗ್ ಮುದ್ದೆ ತೊಳ್ಸೋಕ್ ಯಾರವ್ರೆ?”